ಸಂಘದ ಗಣಕಯಂತ್ರದಲ್ಲಿ ಉಳಿದುಕೊಂಡ ಹಳೆಯ ಜಾವಾ

ಜಾವಾ ಎಂದೊಡನೆ ಕಾಫಿ ಬೆಳೆಗಾರರ ಮನಸ್ಸಿಗೆ ಬರುವುದು ಇಂಡೋನೇಷ್ಯದ ಆ ದ್ವೀಪ ಮತ್ತು ಅಲ್ಲಿಯ ಕಾಫಿ. ಆದರೆ ಸಹಕಾರಿ ಸಂಘದ ಕಚೇರಿಯಲ್ಲಾಗಲಿ, ತೆರಿಗೆ ಲೆಕ್ಕ ಬರೆಯುವವರ ಕೋಣೆಯಲ್ಲಾಗಲಿ ಗಣಕಯಂತ್ರದ ಮುಂದೆ ಕುಳಿತವರು ಇನ್ನೊಂದು ಜಾವಾವನ್ನೂ ಕಂಡಿರುತ್ತಾರೆ. ಪರದೆಯ ಕೆಳಮೂಲೆಯಲ್ಲಿ ಹಬೆಯಾಡುವ ಕಾಫಿ ಬಟ್ಟಲಿನ ಚಿತ್ರ. ಅದರ ಜೊತೆಗೆ, ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಬೇಕೆ ಎಂಬ ಪ್ರಶ್ನೆ. ಬಹುಪಾಲು ಜನ ‘ಆಮೇಲೆ’ ಎಂದು ಒತ್ತಿ ತಮ್ಮ ಕೆಲಸಕ್ಕೆ ತೊಡಗುತ್ತಾರೆ. ಈ ಲೇಖನ ಆ ‘ಆಮೇಲೆ’ಯನ್ನು ಕುರಿತದ್ದು.

ತೋಟಗಾರರ ಪತ್ರಿಕೆಯಲ್ಲಿ ಗಣಕಯಂತ್ರದ ಮಾತೇಕೆ ಎಂದು ಕೆಲವು ಹಿರಿಯ ಸದಸ್ಯರು ಕೇಳಬಹುದು. ಉತ್ತರ ಸರಳ. ನಮ್ಮ ಅಡಿಕೆಯ ತೂಕದ ಚೀಟಿ, ಸಾಲದ ಖಾತೆ, ಮಾರಾಟದ ಹಣದ ಪಾವತಿ, ತೆರಿಗೆಯ ವಿವರಪಟ್ಟಿ, ಪಹಣಿ ಎಲ್ಲವೂ ಈಗ ಗಣಕಯಂತ್ರದೊಳಗಿವೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣಗೊಳಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಾಗ ಅದರ ಗುರಿ 63,000 ಸಂಘಗಳು, ವೆಚ್ಚ 2,516 ಕೋಟಿ ರೂಪಾಯಿ. ಆಡೂರಿನಲ್ಲಿ ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಕಾಲದ ದಾನಶಾಸನವಿದೆ. ಕಲ್ಲಿನ ಮೇಲಿನ ಆ ದಾಖಲೆಯನ್ನು ತಿದ್ದಬೇಕೆಂದವನು ಉಳಿ ಸುತ್ತಿಗೆ ಹಿಡಿದು ಊರಿಗೇ ಬರಬೇಕಿತ್ತು. ಬಂದರೆ ನಾಲ್ಕು ಜನರ ಕಣ್ಣಿಗೆ ಬೀಳುತ್ತಿದ್ದ. ಇಂದಿನ ದಾಖಲೆಗೆ ಆ ಕಾವಲಿಲ್ಲ.

ಜಾವಾ ಎಂದರೇನು?

ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಗಣಕ ಭಾಷೆ ಇದು. ಮೊದಲಿಗೆ ಇದಕ್ಕೆ ‘ಓಕ್’ ಎಂಬ ಮರದ ಹೆಸರಿತ್ತು. ಆ ಹೆಸರು ಬೇರೆಯವರ ಸೊತ್ತಾಗಿದ್ದುದರಿಂದ ಕಾಫಿಯ ನೆನಪಿನಲ್ಲಿ ಜಾವಾ ಎಂದು ಕರೆದು 1995ರ ಮೇ ತಿಂಗಳಲ್ಲಿ ಲೋಕಕ್ಕೆ ಪ್ರಕಟಿಸಿದರು. ಬಟ್ಟಲಿನ ಗುರುತು ಬಂದುದೂ ಹಾಗೆಯೇ. ಅದಕ್ಕೂ ನಮ್ಮ ಕಾಫಿ ಮಂಡಳಿಗೂ ಸಂಬಂಧವಿಲ್ಲ. 2010ರಲ್ಲಿ ಸನ್ ಸಂಸ್ಥೆಯನ್ನು ಒರೇಕಲ್ ಸಂಸ್ಥೆ ಕೊಂಡುಕೊಂಡಿತು. ಅಂದಿನಿಂದ ಜಾವಾ ಅದರ ವಶದಲ್ಲಿದೆ. ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಹೆಸರನ್ನೂ ನಮ್ಮ ಹುಡುಗರು ಹೇಳುವುದುಂಟು. ಅದು ಬೇರೆಯೇ ವಸ್ತು, ಹೆಸರಿನಲ್ಲಷ್ಟೇ ನೆಂಟಸ್ತಿಕೆ.

ಒಮ್ಮೆ ಬರೆದರೆ ಯಾವ ಯಂತ್ರದಲ್ಲಿಯಾದರೂ ನಡೆಯಬೇಕು ಎಂಬುದು ಜಾವಾದ ಹೆಚ್ಚುಗಾರಿಕೆ. ಇದು ಹೇಗೆ ಸಾಧ್ಯವಾಯಿತೆಂದರೆ, ಜಾವಾದಲ್ಲಿ ಬರೆದ ತಂತ್ರಾಂಶ ನೇರವಾಗಿ ಯಂತ್ರದ ಮಾತಿನಲ್ಲಿರುವುದಿಲ್ಲ. ನಡುವಣ ಒಂದು ಭಾಷೆಯಲ್ಲಿರುತ್ತದೆ. ಅದನ್ನು ಓದಿ ಯಂತ್ರಕ್ಕೆ ತಿಳಿಯುವಂತೆ ಹೇಳಿ ಕೆಲಸ ಮಾಡಿಸಲು ಪ್ರತಿ ಗಣಕಯಂತ್ರದಲ್ಲೂ ಒಬ್ಬ ದುಭಾಷಿ ಇರಬೇಕು. ಆ ದುಭಾಷಿಯೇ ಜಾವಾ ರನ್‌ಟೈಮ್. ನಮ್ಮ ಹಾನಗಲ್ಲ ಸೀಮೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಕಾಲದ ಮೋಡಿ ಲಿಪಿಯ ಕಾಗದಗಳನ್ನು ಓದಿಸಲು ಬಲ್ಲವರೊಬ್ಬರ ಮನೆಗೆ ಹೋಗಬೇಕಾಗುತ್ತಿತ್ತಲ್ಲ, ಅದೇ ರೀತಿ. ಕಾಗದ ಯಾರದೇ ಇರಲಿ, ಓದುವವನು ಅವನೇ.

ಅಪಾಯದ ಬೀಜವೂ ಇಲ್ಲಿಯೇ ಇದೆ. ದುಭಾಷಿ ನಮ್ಮ ಮನೆಯೊಳಗೆ ಕುಳಿತಿದ್ದಾನೆ. ಕಾಗದ ಹೊರಗಿನಿಂದ ಬರುತ್ತದೆ. ಕಾಗದದಲ್ಲಿ ‘ಕಪಾಟಿನ ಬೀಗ ತೆಗೆದು ಒಳಗಿನದನ್ನು ನನಗೆ ಕಳುಹಿಸು’ ಎಂದು ಬರೆದಿದ್ದರೆ? ಜಾವಾವನ್ನು ರೂಪಿಸಿದವರು ಇದನ್ನು ಮೊದಲೇ ಯೋಚಿಸಿದ್ದರೆಂಬುದನ್ನು ಒಪ್ಪಬೇಕು. ಹೊರಗಿನಿಂದ ಬಂದ ಕಾಗದವನ್ನು ಪಡಸಾಲೆಯಲ್ಲೇ ಓದಬೇಕು, ಒಳಕೋಣೆಗೆ ಕಾಲಿಡಕೂಡದು ಎಂಬ ಕಟ್ಟುಪಾಡನ್ನು ಅವರು ಹಾಕಿದ್ದರು. ಈ ಕಟ್ಟುಪಾಡಿಗೆ ಅವರು ‘ಮರಳು ಪೆಟ್ಟಿಗೆ’ ಎಂಬರ್ಥದ ಹೆಸರನ್ನಿಟ್ಟರು. ಆದರೆ ಜಾವಾ ಹೊರಬಂದ ಮರುವರ್ಷವೇ, 1996ರಲ್ಲಿ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡ್ರೂ ಡೀನ್, ಎಡ್ವರ್ಡ್ ಫೆಲ್ಟನ್, ಡ್ಯಾನ್ ವಾಲಕ್ ಎಂಬ ಮೂವರು ಆ ಬೇಲಿಯಲ್ಲಿ ನುಸುಳುವ ದಾರಿಗಳಿವೆಯೆಂದು ತೋರಿಸಿದರು. ಬೇಲಿಯನ್ನು ಬಿಗಿಮಾಡಿದರು. ಮತ್ತೆ ದಾರಿಗಳು ಸಿಕ್ಕವು. ಅಲ್ಲಿಂದೀಚೆಗೆ ಇದು ನಿಂತಿಲ್ಲ.

2012 ಮತ್ತು 2013ರ ಪಾಠ

ಜಾವಾದ ಹೆಸರು ಹೆಚ್ಚು ಕೆಟ್ಟದ್ದು ಈ ಎರಡು ವರ್ಷಗಳಲ್ಲಿ. ನಡೆದುದನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ನಮ್ಮ ಕಚೇರಿಗಳಲ್ಲಿ ಕೆಲವು ಹಳೆಯ ಯಂತ್ರಗಳೊಳಗೆ ಇಂದಿಗೂ ಇರುವುದು ಆ ಕಾಲದ ಜಾವಾವೇ.

2012ರ ಫೆಬ್ರವರಿಯಲ್ಲಿ ಒರೇಕಲ್ ಒಂದು ದೋಷಕ್ಕೆ ತೇಪೆ ಹಾಕಿ ಹೊಸ ಆವೃತ್ತಿ ಕೊಟ್ಟಿತು. ಆಪಲ್ ಸಂಸ್ಥೆಯ ಮ್ಯಾಕ್ ಗಣಕಯಂತ್ರಗಳಿಗೆ ಮಾತ್ರ ಜಾವಾವನ್ನು ಆಗ ಆಪಲ್ ತಾನೇ ಹಂಚುತ್ತಿತ್ತು. ಅದು ಅದೇ ತೇಪೆಯನ್ನು ತನ್ನ ಗಿರಾಕಿಗಳಿಗೆ ಕೊಟ್ಟದ್ದು ಏಪ್ರಿಲ್ 3ರಂದು. ನಡುವೆ ಕಳೆದದ್ದು ಏಳು ವಾರ. ಆ ಏಳು ವಾರದ ಸಂದಿಯಲ್ಲಿ ‘ಫ್ಲ್ಯಾಶ್‌ಬ್ಯಾಕ್’ ಎಂಬ ದುಷ್ಟ ತಂತ್ರಾಂಶ ಆ ದೋಷದ ಮೂಲಕವೇ ನುಸುಳಿತು. ಆರು ಲಕ್ಷಕ್ಕೂ ಹೆಚ್ಚು ಮ್ಯಾಕ್ ಯಂತ್ರಗಳು ಸೋಂಕಿಗೆ ಒಳಗಾದವೆಂದು ರಷ್ಯದ ಡಾಕ್ಟರ್ ವೆಬ್ ಸಂಸ್ಥೆ ಲೆಕ್ಕಹಾಕಿತು. ಮ್ಯಾಕ್‌ಗೆ ರೋಗ ತಗಲುವುದಿಲ್ಲ ಎಂಬ ಜಂಬ ಅಂದಿಗೆ ಮುಗಿಯಿತು.

ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ತೇಪೆ ಪ್ರಕಟವಾದ ದಿನವೇ ತೂತು ಎಲ್ಲಿತ್ತೆಂಬುದೂ ಪ್ರಕಟವಾಗುತ್ತದೆ. ಹಳೆಯ ಆವೃತ್ತಿ ಮತ್ತು ಹೊಸ ಆವೃತ್ತಿಯನ್ನು ಪಕ್ಕಪಕ್ಕದಲ್ಲಿಟ್ಟು ಏನು ಬದಲಾಯಿತೆಂದು ನೋಡಿದರೆ ಬಲ್ಲವನಿಗೆ ತೂತಿನ ಗುಟ್ಟು ತಿಳಿಯುತ್ತದೆ. ಆದ್ದರಿಂದ ತೇಪೆ ಬರುವ ಮುಂಚಿಗಿಂತ ಬಂದ ನಂತರವೇ ಹಳೆಯ ಜಾವಾ ಹೆಚ್ಚು ಅಪಾಯಕಾರಿ. ‘ನಿನ್ನೆಯವರೆಗೆ ಚೆನ್ನಾಗಿಯೇ ನಡೆಯುತ್ತಿತ್ತಲ್ಲ’ ಎಂಬ ವಾದಕ್ಕೆ ಇಲ್ಲಿ ಬೆಲೆಯಿಲ್ಲ.

ಅದೇ ವರ್ಷದ ಆಗಸ್ಟ್‌ನಲ್ಲಿ ಇನ್ನೊಂದು ದೋಷವನ್ನು ಕಳ್ಳರು ತೇಪೆಗೆ ಮುಂಚೆಯೇ ಬಳಸತೊಡಗಿದರು. ಪೋಲೆಂಡಿನ ಸಂಶೋಧಕರ ತಂಡವೊಂದು ಏಪ್ರಿಲ್‌ನಲ್ಲಿಯೇ ಒರೇಕಲ್‌ಗೆ ಈ ಬಗೆಯ ದೋಷಗಳ ವರದಿ ಕೊಟ್ಟಿತ್ತು; ತೇಪೆ ಬಂದದ್ದು ಆಗಸ್ಟ್ 30ಕ್ಕೆ. 2013ರ ಜನವರಿಯಲ್ಲಿ ಮತ್ತೊಂದು. ಈ ಬಾರಿ ಅಮೆರಿಕ ಸರ್ಕಾರದ ಆಂತರಿಕ ಭದ್ರತಾ ಇಲಾಖೆಯೇ, ಅಂತರಜಾಲ ನೋಡುವ ಬ್ರೌಸರಿನಲ್ಲಿ ಜಾವಾವನ್ನು ಸ್ಥಗಿತಗೊಳಿಸಿರೆಂದು ಸಾರ್ವಜನಿಕರಿಗೆ ಸಲಹೆಯಿತ್ತಿತು. ಫೆಬ್ರವರಿ 1ರಂದು ಒರೇಕಲ್ ಒಂದೇ ಏಟಿಗೆ 50 ದೋಷಗಳಿಗೆ ತೇಪೆ ಹಾಕಿತು. ಅದೇ ತಿಂಗಳು ಫೇಸ್‌ಬುಕ್ ಮತ್ತು ಆಪಲ್ ಸಂಸ್ಥೆಗಳು ತಮ್ಮ ನೌಕರರ ಯಂತ್ರಗಳಿಗೂ ಜಾವಾದ ದಾರಿಯಿಂದ ಸೋಂಕು ಬಂದಿತ್ತೆಂದು ಒಪ್ಪಿಕೊಂಡವು. ನೂರಾರು ಜನ ತಜ್ಞರನ್ನು ಇಟ್ಟುಕೊಂಡವರ ಪಾಡೇ ಹೀಗಿದ್ದರೆ, ಒಬ್ಬ ಗುಮಾಸ್ತರು ಮತ್ತು ಒಂದು ಯಂತ್ರದ ಸಂಘದ ಮಾತೇನು!

ಹೊಸದು ಬಂದರೂ ಹಳೆಯದು ಹೋಗಲಿಲ್ಲ

ಇನ್ನು ನಮಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ವಿಷಯ. 2015ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒರೇಕಲ್ ಮೇಲೆ ಹೊರಿಸಿದ ಆರೋಪವನ್ನು ಓದಿದರೆ ಆಶ್ಚರ್ಯವಾಗುತ್ತದೆ. ‘ಹೊಸ ಆವೃತ್ತಿ ಹಾಕಿಕೊಂಡರೆ ನಿಮ್ಮ ಯಂತ್ರ ಸುರಕ್ಷಿತ’ ಎಂದು ಜನರಿಗೆ ಹೇಳಲಾಗುತ್ತಿತ್ತು. ಆದರೆ ಹೊಸದನ್ನು ಹಾಕಿದಾಗ ಅದಕ್ಕೂ ಹಿಂದಿನ ಆವೃತ್ತಿಗಳೆಲ್ಲ ಯಂತ್ರದಿಂದ ಹೊರಹೋಗುತ್ತಿರಲಿಲ್ಲ. ಬಹಳ ಹಳೆಯ ಆವೃತ್ತಿಗಳ ಕಾಲದಲ್ಲಿ ಒಂದೂ ಹೋಗುತ್ತಿರಲಿಲ್ಲ. ಆಮೇಲೆ ತೀರ ಹಿಂದಿನ ಒಂದು ಮಾತ್ರ ಹೋಗುತ್ತಿತ್ತು. ಉಳಿದವು ಅಲ್ಲಿಯೇ. ಆಗ ಜಾವಾ ಇದ್ದ ಗಣಕಯಂತ್ರಗಳು 85 ಕೋಟಿಗೂ ಹೆಚ್ಚೆಂದು ಆ ಕಮಿಷನ್ ಹೇಳಿತು. ಕೊನೆಗೆ ಒಪ್ಪಂದವಾಗಿ, ಹಳೆಯದು ಉಳಿದಿದ್ದರೆ ಬಳಕೆದಾರರಿಗೆ ತಿಳಿಸಿ ತೆಗೆಯಲು ಅನುಕೂಲ ಮಾಡಿಕೊಡಬೇಕೆಂದಾಯಿತು.

ರೋಗ ಬಂದ ಮರದ ಪಕ್ಕ ಹೊಸ ಸಸಿ ನೆಟ್ಟು, ರೋಗದ ಮರವನ್ನು ಕಡಿಯದೆ ಬಿಟ್ಟಂತಾಯಿತಲ್ಲವೆ ಇದು? ಕಳ್ಳನಿಗೆ ಹೊಸ ಬಾಗಿಲು ಬೇಕಿಲ್ಲ. ಹಿತ್ತಿಲ ಹಳೆಯ ಬಾಗಿಲಿಗೆ ಅಗಳಿ ಇಲ್ಲದಿದ್ದರೆ ಸಾಕು.

ನಮ್ಮ ಕಚೇರಿಗಳಿಗೆ ಇದು ಬಂದ ಬಗೆ

ಗ್ರಾಮಾಂತರದ ಸಂಘದ ಯಂತ್ರಕ್ಕೆ ಜಾವಾ ಬಂದದ್ದು ಯಾರದೋ ಹವ್ಯಾಸಕ್ಕಲ್ಲ, ಸರ್ಕಾರಿ ಕೆಲಸಕ್ಕೆ. ಆದಾಯ ತೆರಿಗೆ ಇಲಾಖೆ ವಿವರಪಟ್ಟಿ ಸಲ್ಲಿಸಲು ಹಲವು ವರ್ಷ ಎರಡು ಬಗೆಯ ತಂತ್ರಾಂಶ ಕೊಡುತ್ತಿತ್ತು. ಒಂದು ಎಕ್ಸೆಲ್‌ನದು, ಇನ್ನೊಂದು ಜಾವಾದ್ದು. ಎರಡನೆಯದು ನಡೆಯಬೇಕಾದರೆ ಯಂತ್ರದಲ್ಲಿ ಜಾವಾ ರನ್‌ಟೈಮ್ ಇರಲೇಬೇಕು. ಟೆಂಡರು, ಕಂಪನಿ ವ್ಯವಹಾರ, 2017ರ ಜುಲೈಯಿಂದ ಜಿ.ಎಸ್.ಟಿ. ಮುಂತಾದವುಗಳಲ್ಲಿ ಡಿಜಿಟಲ್ ಸಹಿ ಹಾಕಬೇಕಾಯಿತು. ಸಹಿಯ ಟೋಕನ್ನು ಯಂತ್ರಕ್ಕೆ ಸಿಕ್ಕಿಸಿದಾಗ ಅದನ್ನು ಜಾಲತಾಣಕ್ಕೆ ಜೋಡಿಸುವ ತಂತ್ರಾಂಶಗಳಲ್ಲಿ ಬಹಳಷ್ಟು ಜಾವಾವನ್ನೇ ಆಶ್ರಯಿಸಿದ್ದವು. ವಿವರಪಟ್ಟಿಯ ಕೊನೆಯ ದಿನ ಹತ್ತಿರ ಬಂದಾಗ, ‘ಜಾವಾ ಇಲ್ಲದೆ ಆಗುವುದಿಲ್ಲ’ ಎಂದು ಯಾರೋ ಬಂದು ಅವಸರದಲ್ಲಿ ಹಾಕಿ ಹೋದರು. ಮುಂದಿನ ವರ್ಷ ಬೇರೆ ಜಾಲತಾಣ ಬೇರೆ ಆವೃತ್ತಿ ಕೇಳಿತು, ಅದನ್ನೂ ಹಾಕಿದರು. ಹೊಸ ಆವೃತ್ತಿಯಲ್ಲಿ ಸಹಿ ಬೀಳದೆ ಹೋದಾಗ ಹಳೆಯದನ್ನೇ ಮತ್ತೆ ಹುಡುಕಿ ತಂದು ಹಾಕಿ, ಕಾಫಿ ಬಟ್ಟಲಿನ ಸೂಚನೆ ಬರದಂತೆ ನಿಲ್ಲಿಸಿಬಿಟ್ಟವರೂ ಉಂಟು. ಗುಮಾಸ್ತರನ್ನು ದೂರುವುದು ತಪ್ಪು. ಅವರಿಗೆ ಅಂದಿನ ಕೆಲಸ ಅಂದೇ ಮುಗಿಯಬೇಕಿತ್ತು.

ಕಾಲ ಮುಂದೆ ಸಾಗಿತು. ಕ್ರೋಮ್ ಬ್ರೌಸರ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಜಾವಾವನ್ನು ಒಳಬಿಡುವುದನ್ನು ನಿಲ್ಲಿಸಿದವು. 2018ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 11ರಲ್ಲಿ ಬ್ರೌಸರಿನ ಆ ಭಾಗವೇ ಇಲ್ಲ. ಆದಾಯ ತೆರಿಗೆಯ ಹೊಸ ಜಾಲತಾಣ 2021ರ ಜೂನ್ 7ರಂದು ಆರಂಭವಾದ ಮೇಲೆ ಹಳೆಯ ಜಾವಾ ನಮೂನೆಯ ಅಗತ್ಯವೂ ತಪ್ಪಿತು. ಅಂದರೆ ಯಾವ ಕೆಲಸಕ್ಕಾಗಿ ಜಾವಾ ತಂದೆವೋ ಆ ಕೆಲಸವೇ ಬಹಳ ಕಡೆ ಈಗ ಉಳಿದಿಲ್ಲ. ಜಾವಾ ಮಾತ್ರ ಉಳಿದಿದೆ.

ಇದಕ್ಕೆ ಹಣದ ಕಾರಣವೂ ಸೇರಿಕೊಂಡಿತು. ಒರೇಕಲ್ ಸಂಸ್ಥೆ 2019ರ ಜನವರಿಯ ನಂತರ ಜಾವಾ 8ರ ಹೊಸ ತೇಪೆಗಳನ್ನು ವಾಣಿಜ್ಯ ಬಳಕೆಗೆ ಪುಕ್ಕಟೆ ಕೊಡುವುದನ್ನು ನಿಲ್ಲಿಸಿತು. ಸ್ವಂತ ಉಪಯೋಗಕ್ಕೆ ಉಚಿತ, ಸಂಸ್ಥೆಗಳಿಗೆ ಶುಲ್ಕ. ಆಗ ಎಷ್ಟೋ ಕಚೇರಿಗಳು ಪುಕ್ಕಟೆಯ ಕೊನೆಯ ಆವೃತ್ತಿಯಾದ ‘ಜಾವಾ 8 ಅಪ್‌ಡೇಟ್ 202’ರಲ್ಲಿಯೇ ನಿಂತುಬಿಟ್ಟವು. ಇದೇ ಜಾವಾವನ್ನು ‘ಓಪನ್ ಜೆ.ಡಿ.ಕೆ.’ ಎಂಬ ಮುಕ್ತ ರೂಪದಲ್ಲಿ ಬೇರೆ ಸಂಸ್ಥೆಗಳು ತೇಪೆಸಹಿತ ಉಚಿತವಾಗಿ ಕೊಡುತ್ತವೆ. ಎಕ್ಲಿಪ್ಸ್ ಪ್ರತಿಷ್ಠಾನದ ‘ಟೆಮುರಿನ್’ ಅವುಗಳಲ್ಲೊಂದು. ಶುಲ್ಕಕ್ಕೆ ಹೆದರಿ ಹಳೆಯದರಲ್ಲಿ ನಿಲ್ಲಬೇಕಾದ ಕಾರಣವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಆವಕ ಪುಸ್ತಕದ ಕಥೆ

ರನ್‌ಟೈಮ್ ಮಾತ್ರ ಸರಿಯಿದ್ದರೆ ಆಯಿತೆಂದಲ್ಲ. ಭೂಮಿ ಚೆನ್ನಾಗಿದ್ದರೂ ಸಸಿಗೆ ರೋಗವಿರಬಹುದು. ಜಾವಾದ ಮೇಲೆ ನಡೆಯುವ ತಂತ್ರಾಂಶಗಳ ದೋಷಗಳೇ ಈಚೆಗೆ ಹೆಚ್ಚು ಸುದ್ದಿಯಾಗಿವೆ.

ಸಂಘಕ್ಕೆ ಬಂದ ಕಾಗದಗಳನ್ನು ಆವಕ ಪುಸ್ತಕದಲ್ಲಿ ನಮೂದಿಸುತ್ತೇವಷ್ಟೆ? ಹಾಗೆಯೇ ಜಾವಾದ ದೊಡ್ಡ ತಂತ್ರಾಂಶಗಳು ತಮ್ಮಲ್ಲಿ ನಡೆದುದನ್ನೆಲ್ಲ ಬರೆದಿಡಲು ‘ಲಾಗ್‌ಫೋರ್‌ಜೆ’ ಎಂಬ ಸಿದ್ಧ ಭಾಗವನ್ನು ಬಳಸುತ್ತವೆ. ಕೆಲವೇ ಸ್ವಯಂಸೇವಕರು ನೋಡಿಕೊಳ್ಳುತ್ತಿದ್ದ ಈ ಭಾಗ ಪ್ರಪಂಚದ ಲೆಕ್ಕವಿಲ್ಲದಷ್ಟು ತಂತ್ರಾಂಶಗಳೊಳಗೆ ಸೇರಿತ್ತು. 2013ರಲ್ಲಿ ಇದಕ್ಕೊಂದು ಸೌಕರ್ಯ ಸೇರಿಸಿದರು. ನಮೂದಿಸುವ ಸಾಲಿನಲ್ಲಿ ಒಂದು ವಿಶೇಷ ರೀತಿಯ ಗುರುತಿದ್ದರೆ, ಅದು ಹೇಳಿದ ದೂರದ ಯಂತ್ರಕ್ಕೆ ಹೋಗಿ ವಿಷಯ ತರುವುದು. ಆವಕ ಬರೆಯುವ ಗುಮಾಸ್ತ ಕಾಗದದಲ್ಲಿದ್ದ ‘ಇಂಥ ಮನೆಗೆ ಹೋಗಿ ಪೆಟ್ಟಿಗೆ ತಂದು ಇಲ್ಲಿ ಬಿಚ್ಚು’ ಎಂಬ ಸಾಲನ್ನು ಬರೆದುಕೊಳ್ಳುವ ಬದಲು ಪಾಲಿಸಿಯೇ ಬಿಟ್ಟರೆ ಹೇಗೆ, ಹಾಗಾಯಿತು. ಎಂಟು ವರ್ಷ ಯಾರ ಗಮನಕ್ಕೂ ಬಾರದೆ ಇದ್ದ ಈ ದೋಷವನ್ನು ಚೀನದ ಅಲಿಬಾಬಾ ಸಂಸ್ಥೆಯ ತಜ್ಞರು 2021ರ ನವೆಂಬರ್ 24ರಂದು ವರದಿ ಮಾಡಿದರು. ಡಿಸೆಂಬರ್ 9ರ ಹೊತ್ತಿಗೆ ಅದು ಜಗಜ್ಜಾಹೀರಾಯಿತು. ತೀವ್ರತೆಯ ಅಳತೆಯಲ್ಲಿ ಹತ್ತಕ್ಕೆ ಹತ್ತು ಅಂಕ. ಮೊದಲ ತೇಪೆ ಸಾಲದೆ ಅದೇ ತಿಂಗಳಲ್ಲಿ ಮತ್ತೆ ಮತ್ತೆ ತೇಪೆ ಹಾಕಬೇಕಾಯಿತು. ನಮ್ಮ ದೇಶದಲ್ಲಿ ಇಂಥ ಎಚ್ಚರಿಕೆಗಳನ್ನು ಕೊಡುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯೂ ಆಗ ಎಚ್ಚರಿಸಿತು.

ಡಿಜಿಟಲ್ ಸಹಿಯನ್ನು ನಂಬಿರುವ ನಾವು ತಿಳಿಯಬೇಕಾದ ಇನ್ನೊಂದು ದೋಷ 2022ರ ಏಪ್ರಿಲ್‌ನಲ್ಲಿ ಬಯಲಾಯಿತು. ಜಾವಾ 15ರಿಂದ 18ರವರೆಗಿನ ಆವೃತ್ತಿಗಳಲ್ಲಿ ಒಂದು ಬಗೆಯ ಸಹಿಯನ್ನು ಪರೀಕ್ಷಿಸುವ ಭಾಗವನ್ನು ಹೊಸದಾಗಿ ಬರೆಯುವಾಗ ಒಂದು ತಪಾಸಣೆ ಬಿಟ್ಟುಹೋಗಿತ್ತು. ಸಹಿಯ ಜಾಗದಲ್ಲಿ ಬರೀ ಸೊನ್ನೆಗಳಿದ್ದರೂ ‘ಸಹಿ ಸರಿಯಾಗಿದೆ’ ಎಂದು ಅದು ಒಪ್ಪುತ್ತಿತ್ತು! ನೀಲ್ ಮ್ಯಾಡನ್ ಎಂಬ ತಜ್ಞರು ಇದನ್ನು ಕಂಡುಹಿಡಿದರು. ಇಲ್ಲಿ ಹಳೆಯ ಜಾವಾ 8ಕ್ಕೆ ಈ ತೊಂದರೆ ಇರಲಿಲ್ಲವೆಂಬುದನ್ನೂ ಹೇಳಬೇಕು. ಹೊಸದೆಲ್ಲ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ತೇಪೆ ಬೀಳುತ್ತಿರುವುದು ಒಳ್ಳೆಯದೆಂದು ಹೇಳುತ್ತಿದ್ದೇವೆ.

ಸಹಕಾರಿ ಬ್ಯಾಂಕುಗಳಿಗೆ ತಟ್ಟಿದ ಬಿಸಿ

ಇದೆಲ್ಲ ಹೊರದೇಶದ ಮಾತಾಯಿತು ಎನ್ನುವವರಿಗಾಗಿ 2024ರ ಜುಲೈ 31ನ್ನು ನೆನಪಿಸುತ್ತೇವೆ. ಅಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳನ್ನು ರಾಷ್ಟ್ರೀಯ ಪಾವತಿ ನಿಗಮ ತನ್ನ ಜಾಲದಿಂದ ತಾತ್ಕಾಲಿಕವಾಗಿ ಕಡಿದು ಹಾಕಿತು. ಅವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಅವುಗಳಿಗೆ ಗಣಕ ಸೇವೆ ಒದಗಿಸುತ್ತಿದ್ದ ಸಿ-ಎಡ್ಜ್ ಎಂಬ ಸಂಸ್ಥೆಯ ಮೇಲೆ ಸುಲಿಗೆ ತಂತ್ರಾಂಶದ ದಾಳಿಯಾಗಿತ್ತು. ಇದು ಭಾರತೀಯ ಸ್ಟೇಟ್ ಬ್ಯಾಂಕ್ ಮತ್ತು ಟಾಟಾ ಕನ್ಸಲ್ಟೆನ್ಸಿ ಜೊತೆಗೂಡಿ ಕಟ್ಟಿದ ಸಂಸ್ಥೆ, ಬಡಪಾಯಿ ಅಂಗಡಿಯಲ್ಲ. ಸೋಂಕು ಬೇರೆಡೆಗೆ ಹರಡಬಾರದೆಂದು ನಿಗಮ ಸಂಪರ್ಕ ಕಡಿದದ್ದು ಸರಿಯೇ. ಆದರೆ ಆ ಬ್ಯಾಂಕುಗಳಲ್ಲಿ ಖಾತೆಯಿದ್ದ ರೈತನಿಗೆ ಮೊಬೈಲಿನಿಂದ ಹಣ ಕಳುಹಿಸುವ ದಾರಿ ಮುಚ್ಚಿತ್ತು. ಮರುದಿನ, ಆಗಸ್ಟ್ 1ಕ್ಕೆ, ಸಂಪರ್ಕ ಮರಳಿತು.

ಕಳ್ಳ ಬಂದ ದಾರಿ ಯಾವುದು? ಬೆಂಗಳೂರಿನಲ್ಲಿ ಬೇರುಬಿಟ್ಟಿರುವ ಕ್ಲೌಡ್‌ಸೆಕ್ ಸಂಸ್ಥೆ ಇದನ್ನು ಪರಿಶೀಲಿಸಿ ವರದಿ ಪ್ರಕಟಿಸಿತು. ಸಿ-ಎಡ್ಜ್‌ನ ಸಹವರ್ತಿ ಸಂಸ್ಥೆಯೊಂದರ ಯಂತ್ರದಲ್ಲಿ ‘ಜೆಂಕಿನ್ಸ್’ ಎಂಬ ತಂತ್ರಾಂಶ ಸರಿಯಾದ ಭದ್ರತೆಯಿಲ್ಲದೆ ನಡೆಯುತ್ತಿತ್ತು, ದಾಳಿ ಆರಂಭವಾದದ್ದು ಅಲ್ಲಿಂದ ಎಂಬುದು ಆ ವರದಿಯ ಸಾರ. ಜೆಂಕಿನ್ಸ್ ಜಾವಾದಲ್ಲಿ ಬರೆದ ತಂತ್ರಾಂಶ. ಅದಕ್ಕೆ ಕೊಡುವ ಆದೇಶದಲ್ಲಿ ‘@’ ಗುರುತು ಹಾಕಿ ಒಂದು ಕಡತದ ಹೆಸರು ಬರೆದರೆ, ಆ ಕಡತದ ಒಳಗಿನದನ್ನೇ ಓದಿ ಹೊರಗೆ ತೋರಿಸಿಬಿಡುವ ದೋಷ ಅದರಲ್ಲಿತ್ತು. ಕೀಲಿಕೈ ಇಟ್ಟ ಕಡತದ ಹೆಸರು ಬರೆದರೆ ಕೀಲಿಕೈಯೇ ಸಿಕ್ಕಿತು. ಈ ದೋಷಕ್ಕೆ ತೇಪೆ ಬಂದದ್ದು 2024ರ ಜನವರಿ 24ರಂದು. ದಾಳಿಯಿಂದ ಬ್ಯಾಂಕುಗಳ ಸಂಪರ್ಕ ಕಡಿದದ್ದು ಜುಲೈ ಕೊನೆಯ ದಿನ. ನಡುವೆ ಆರು ತಿಂಗಳು.

ಬ್ಯಾಂಕಿನ ತಪ್ಪಲ್ಲ, ಬ್ಯಾಂಕಿಗೆ ಸೇವೆ ಕೊಟ್ಟವರ ಯಂತ್ರವೂ ಅಲ್ಲ, ಅವರ ಜೊತೆಗಾರರ ಯಂತ್ರ. ಪಕ್ಕದ ತೋಟದವನು ಔಷಧಿ ಹೊಡೆಯದಿದ್ದರೆ ಕೊಳೆ ಬೇಲಿ ನೋಡಿ ನಿಲ್ಲುವುದಿಲ್ಲ ಎಂಬುದು ಅಡಿಕೆಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಬಾಳೆಹೊನ್ನೂರಿನಿಂದ ಕಲಿಯಬಹುದಾದದ್ದು

ಕಾಫಿಯ ಎಲೆತುಕ್ಕು ಸಿಲೋನಿನಲ್ಲಿ 1869ರಲ್ಲಿ ಕಾಣಿಸಿಕೊಂಡು, ಕೂಡಲೇ ನಮ್ಮ ತೋಟಗಳಿಗೂ ಬಂದಿತು. ನಿಜವಾದ ಜಾವಾ ದ್ವೀಪವೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. 1911ರ ಸುಮಾರಿಗೆ ಮೈಸೂರು ಸೀಮೆಯಲ್ಲಿ ಕೆಂಟ್ ಎಂಬ ಪ್ಲಾಂಟರು ತುಕ್ಕು ತಡೆಯುವ ಗಿಡವನ್ನು ಆರಿಸಿದರು. ‘ಕೆಂಟ್ಸ್’ ಎಲ್ಲೆಡೆ ಹಬ್ಬಿತು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಹತ್ತಿತು. ಗಿಡ ಕೆಟ್ಟಿತೆಂದು ಜನ ತಿಳಿದರು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಡಬ್ಲ್ಯೂ.ಡಬ್ಲ್ಯೂ. ಮೇನ್ ಅವರು 1930ರ ದಶಕದಲ್ಲಿ ನಿಜವನ್ನು ತೋರಿಸಿದರು: ಗಿಡ ಬದಲಾಗಿರಲಿಲ್ಲ, ತುಕ್ಕಿನ ಶಿಲೀಂಧ್ರದಲ್ಲಿಯೇ ಬೇರೆ ಬೇರೆ ಪ್ರಭೇದಗಳಿದ್ದವು. ಒಂದನ್ನು ತಡೆದ ಗಿಡ ಇನ್ನೊಂದಕ್ಕೆ ಸೋಲುತ್ತಿತ್ತು. ಎಲ್ಲರೂ ಒಂದೇ ತಳಿ ಹಾಕಿದ್ದರಿಂದ ಆ ಇನ್ನೊಂದಕ್ಕೆ ಊರೆಲ್ಲ ಮೇವಾಯಿತು. 85 ಕೋಟಿ ಯಂತ್ರಗಳಲ್ಲಿ ಒಂದೇ ಜಾವಾ ಇದ್ದದ್ದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮೈಸೂರು ಸೀಮೆಯಲ್ಲಿ ರೂಢಿಗೆ ತಂದವರು ಡಾ. ಲೆಸ್ಲಿ ಕೋಲ್ಮನ್, ಕೊಳೆಯನ್ನು ಕುರಿತ ಅವರ ವರದಿ 1910ರದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನದ ಮೇಲೆ ಇನ್ನೊಂದು ಸಲ. ಕೊನೆಗೌಡರು ಸಿಗಲಿಲ್ಲವೆಂದು ಎರಡನೆಯ ಸಿಂಪರಣೆ ತಪ್ಪಿಸಿದವರ ತೋಟದಲ್ಲಿ ಕಾಯಿ ಉದುರುವುದನ್ನು ನಾವೆಲ್ಲ ಕಂಡಿದ್ದೇವೆ. ಜಾವಾಕ್ಕೂ ಇಂಥದೇ ಕಟ್ಟಳೆಯಿದೆ. ಒರೇಕಲ್ 2013ರ ಅಕ್ಟೋಬರ್‌ನಿಂದ ವರ್ಷಕ್ಕೆ ನಾಲ್ಕು ಸಲ ತೇಪೆ ಬಿಡುಗಡೆ ಮಾಡುತ್ತಿದೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಆಯಾ ತಿಂಗಳ ಮೂರನೆಯ ಮಂಗಳವಾರ. ದಿನ ಗೊತ್ತಿರುವುದರಿಂದ ಇದಕ್ಕೆ ಮುಗಿಲು ನೋಡಿಕೊಂಡು ಕೂರಬೇಕಾದ ತಾಪತ್ರಯವಿಲ್ಲ.

ಮಾಡಬೇಕಾದ ಕೆಲಸ

ಆಡೂರು ಹಾಗೂ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ಸದಸ್ಯರಲ್ಲಿ ಮನೆಯಲ್ಲಿಯೇ ಗಣಕಯಂತ್ರ ಇಟ್ಟುಕೊಂಡವರು ಮೊದಲು ನೋಡಬೇಕಾದದ್ದು ಕಂಟ್ರೋಲ್ ಪ್ಯಾನೆಲ್‌ನಲ್ಲಿರುವ ತಂತ್ರಾಂಶಗಳ ಪಟ್ಟಿ. ‘ಜೆ’ ಅಕ್ಷರದಲ್ಲಿ ಜಾವಾ ಎಂದು ಎಷ್ಟು ಸಾಲುಗಳಿವೆ ಎಂದು ಎಣಿಸಿ. ಜಾವಾ 6, ಜಾವಾ 7 ಎಂದಿದ್ದರೆ ಯೋಚಿಸದೆ ತೆಗೆಯಿಸಿ. ಜಾವಾ 8 ಇದ್ದರೆ ಅದನ್ನು ಈಗ ಯಾವ ಕೆಲಸ ಕೇಳುತ್ತಿದೆ ಎಂದು ವಿಚಾರಿಸಿ. ಯಾವ ಕೆಲಸವೂ ಇಲ್ಲದಿದ್ದರೆ ಅದನ್ನೂ ತೆಗೆಯಿಸಿ. ಬೇಕಾದ ದಿನ ಮತ್ತೆ ತರುವುದು ಕಷ್ಟವಲ್ಲ. ಕೆಲಸವಿದ್ದರೆ ಒಂದೇ ಒಂದು, ಹೊಸ ತೇಪೆಯದು ಇರಲಿ. ಮೊಬೈಲಿನವರಿಗೆ ಈ ಹುಡುಕಾಟ ಬೇಡ. ಜಾವಾ ರನ್‌ಟೈಮ್ ಎಂಬುದು ಆಂಡ್ರಾಯ್ಡ್ ಫೋನಿನಲ್ಲಿ ಈ ರೂಪದಲ್ಲಿರುವುದಿಲ್ಲ.

ಹಳೆಯ ಜಾವಾ ಇಲ್ಲದೆ ಸಹಿ ಬೀಳುವುದೇ ಇಲ್ಲ ಎನ್ನುವ ಸಂದರ್ಭ ಇನ್ನೂ ಒಂದೊಂದು ಕಡೆ ಉಂಟು. ಅಂಥಲ್ಲಿ ಒಂದು ಯಂತ್ರವನ್ನು ಆ ಕೆಲಸಕ್ಕೇ ಮೀಸಲಿಡಬೇಕು. ಅದರಲ್ಲಿ ಅಂಚೆ ತೆರೆಯಬಾರದು, ಸಿನಿಮಾ ನೋಡಬಾರದು, ಸದಸ್ಯರ ಖಾತೆಯ ಲೆಕ್ಕ ಇಡಬಾರದು. ಎರಡನೆಯ ಯಂತ್ರಕ್ಕೆ ಹಣವಿಲ್ಲವೆಂದು ಆಡಳಿತ ಮಂಡಳಿಗಳು ಹೇಳುವುದನ್ನು ಬಲ್ಲೆವು. ಸಭಾಭವನದ ಕುರ್ಚಿಗಳಿಗೆ ಹಣ ಒದಗುವಾಗ ಇದಕ್ಕೂ ಒದಗಬೇಕು.

ಇದಕ್ಕಿಂತ ಮುಖ್ಯವಾದದ್ದು ಗುತ್ತಿಗೆಯ ಕಾಗದ. ಸಂಘಗಳು ಯಂತ್ರದ ದುರಸ್ತಿಗೆ ವಾರ್ಷಿಕ ಗುತ್ತಿಗೆ ಕೊಡುತ್ತವೆ. ಯಂತ್ರ ಕೆಟ್ಟರೆ ಬಂದು ಸರಿಮಾಡುವುದು, ಧೂಳು ಒರೆಸುವುದು, ಇಷ್ಟೇ ಅದರಲ್ಲಿ ಬರೆದಿರುತ್ತದೆ. ತೇಪೆ ಹಾಕುವುದು ಯಾರ ಹೊಣೆ ಎಂದು ಬರೆದಿರುವುದಿಲ್ಲ. ಬರೆಯದಿದ್ದುದನ್ನು ಯಾರೂ ಮಾಡುವುದಿಲ್ಲ. ಮುಂದಿನ ಸಲ ಗುತ್ತಿಗೆ ನವೀಕರಿಸುವಾಗ, ಮೇಲೆ ಹೇಳಿದ ನಾಲ್ಕು ತಿಂಗಳುಗಳಲ್ಲಿ ಬಂದು ತೇಪೆ ಹಾಕಿ, ಹಳೆಯದನ್ನು ತೆಗೆದು, ಯಾವ ಯಂತ್ರದಲ್ಲಿ ಯಾವ ಆವೃತ್ತಿ ಇದೆಯೆಂದು ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕೆಂಬ ಷರತ್ತನ್ನು ಸೇರಿಸುವಂತೆ ಸದಸ್ಯರು ಮಹಾಸಭೆಯಲ್ಲಿ ಕೇಳಬಹುದು. ಕೇಳುವುದು ಸದಸ್ಯರ ಹಕ್ಕು. ಲೆಕ್ಕಪತ್ರದ ತಂತ್ರಾಂಶ ಕೊಟ್ಟವರನ್ನೂ ಇದೇ ಪ್ರಶ್ನೆ ಕೇಳಬೇಕು. ಅದು ಯಾವ ಜಾವಾದ ಮೇಲೆ ನಡೆಯುತ್ತದೆ, ತೇಪೆ ಬಂದ ಎಷ್ಟು ದಿನಕ್ಕೆ ಹಾಕುತ್ತೀರಿ ಎಂದು. ಉತ್ತರ ಬರಹದಲ್ಲಿರಲಿ.

ಏನಾದರೂ ಅನಾಹುತವಾದರೆ ಮುಚ್ಚಿಡುವುದರಿಂದ ಲಾಭವಿಲ್ಲ. ಸಂಸ್ಥೆಗಳು ಇಂಥ ಘಟನೆಯನ್ನು ತಿಳಿದ ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನವಿದೆ. ಖಾತೆಯಿಂದ ಹಣ ಹೋದ ಸದಸ್ಯರು 1930ಕ್ಕೆ ದೂರವಾಣಿ ಮಾಡಬೇಕು. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಕೊನೆಯದಾಗಿ ಡಿಜಿಟಲ್ ಸಹಿಯ ಟೋಕನ್ನಿನ ವಿಷಯ. ಬೆಳಿಗ್ಗೆ ಸಿಕ್ಕಿಸಿದ್ದು ಸಂಜೆಯವರೆಗೂ ಯಂತ್ರದಲ್ಲೇ ಇರುವುದು, ಅದರ ಗುಪ್ತಸಂಖ್ಯೆಯನ್ನು ಪರದೆಯ ಅಂಚಿಗೆ ಚೀಟಿ ಬರೆದು ಅಂಟಿಸಿರುವುದು ಹಲವು ಕಚೇರಿಗಳ ರೂಢಿ. ಚೀಟಿಯನ್ನು ಇಂದೇ ಕಿತ್ತು ಹಾಕಬೇಕು. ಟೋಕನ್ನು ಸಹಿ ಮುಗಿದೊಡನೆ ಹೊರಬಂದು ನಗದು ಪೆಟ್ಟಿಗೆ ಇಡುವ ಕಪಾಟಿಗೆ ಸೇರಬೇಕು. ಕೀಲಿಕೈ ಕಾರ್ಯದರ್ಶಿಗಳ ಬಳಿ ಇರಬೇಕು.